ಲಿಗ್ನಿನ್ ಕಿಣ್ವಗಳು: ಆಕಾರ ಮತ್ತು ಹಿಡಿತ

ಗಿಡಮರಗಳ ಕೋಶಭಿತ್ತಿಗೆ ಗಡಸುತನ ಕೊಡುವ ಲಿಗ್ನಿನ್ ತಯಾರಾಗಲು ಹತ್ತಕ್ಕೂ ಹೆಚ್ಚು ಕಿಣ್ವಗಳು ಒಂದರ ಹಿಂದೊಂದು ಕೆಲಸ ಮಾಡಬೇಕು. ಪ್ರತಿ ಕಿಣ್ವವೂ ತಾನು ಬದಲಿಸಬೇಕಾದ ಅಣುವನ್ನು, ಅಂದರೆ ತನ್ನ ಕ್ರಿಯಾಧಾರವನ್ನು, ಜೀವಕೋಶದ ರಸದಲ್ಲಿ ಓಡಾಡುವ ನೂರಾರು ಬಗೆಯ ಅಣುಗಳ ನಡುವೆ ಗುರುತು ಹಿಡಿಯಬೇಕು. ಕಿಣ್ವವೆಂಬ ಪ್ರೋಟೀನ್ ಹೇಗೆ ಮಡಿಚಿಕೊಂಡಿದೆ, ಅದರ ಸಕ್ರಿಯ ತಾಣದಲ್ಲಿ ಯಾವ ಅಮೈನೋ ಆಮ್ಲ ಎಲ್ಲಿ ನಿಂತಿದೆ ಎಂಬುದರಿಂದ ಈ ಗುರುತು ನಿರ್ಧಾರವಾಗುತ್ತದೆ. ವಿಷಯ ಪ್ರಯೋಗಾಲಯದ್ದೇ ಆದರೂ ಅದರ ಒಂದು ಮುಖ್ಯ ಅಧ್ಯಾಯಕ್ಕೆ ಕೊಡಗಿನವರು ದಿನವೂ ನೋಡುವ ಗಿಡವೊಂದು ಆಧಾರ. ಲಿಗ್ನಿನ್ ದಾರಿಯ ಕವಲಿನಲ್ಲಿ ನಿಂತಿರುವ ಎಚ್‌ಸಿಟಿ ಎಂಬ ಕಿಣ್ವದ ರಚನೆ ಮೊದಲ ಬಾರಿಗೆ ಬಯಲಾದದ್ದು ರೋಬಸ್ಟಾ ಕಾಫಿಯ ಪ್ರೋಟೀನಿನಿಂದ.

ಒಂದೇ ಹಣ್ಣಿನಲ್ಲಿ ಎರಡು ದಾರಿ

ವಿರಾಜಪೇಟೆ ತಾಲ್ಲೂಕಿನ ಬಿಟ್ಟಂಗಾಲದ ಕಡೆಯ ತೋಟಗಳಲ್ಲಿ ಬೆಳೆಯುವ ಕಾಫಿಯಲ್ಲಿ ಹೆಚ್ಚಿನದು ರೋಬಸ್ಟಾ. ಸಸ್ಯಶಾಸ್ತ್ರದಲ್ಲಿ ಇದರ ಹೆಸರು ಕಾಫಿಯಾ ಕೆನೆಫೋರಾ. ಮೇಲೆ ಸಿಲ್ವರ್ ಓಕ್, ಬೀಟೆ, ಹಲಸಿನ ನೆರಳು, ಆ ಮರಗಳಿಗೆ ಹಬ್ಬಿದ ಕಾಳುಮೆಣಸಿನ ಬಳ್ಳಿ, ಕೆಳಗೆ ಕಾಫಿ. ಹೂಮಳೆ ಬಿದ್ದು ಹೂ ಅರಳಿದ ಮೇಲೆ ಕಾಯಿ ಬಲಿತು ಹಣ್ಣಾಗಲು ಹತ್ತು ತಿಂಗಳ ಮೇಲಾಗುತ್ತದೆ. ಜನವರಿಯ ಹೊತ್ತಿಗೆ ಕೊಯ್ದ ಒಂದು ಹಣ್ಣನ್ನು ಬೆರಳಲ್ಲಿ ಹಿಸುಕಿ ನೋಡಿದರೆ ಈ ಲೇಖನದ ಅರ್ಧ ವಿಷಯ ಕಣ್ಣಿಗೆ ಬೀಳುತ್ತದೆ. ಹೊರಗೆ ಕೆಂಪು ಸಿಪ್ಪೆ, ಅದರೊಳಗೆ ಬೆರಳಿಗೆ ಅಂಟುವ ಸಿಹಿ ಲೋಳೆ, ಲೋಳೆಯನ್ನು ತೊಳೆದರೆ ಉಗುರಿಗೆ ಜಗ್ಗದ ಹಳದಿ ಬಿಳುಪಿನ ಗಟ್ಟಿ ಹೊದಿಕೆ. ಬೆಳೆಗಾರರ ಬಾಯಲ್ಲಿ ಅದು ಪಾರ್ಚ್‌ಮೆಂಟ್. ಅದನ್ನು ಒಡೆದರೆ ತೆಳ್ಳನೆಯ ಬೆಳ್ಳಿಪೊರೆ, ಅದರೊಳಗೆ ಹಸಿರು ಬೀಜ.

ಪಾರ್ಚ್‌ಮೆಂಟ್ ಆ ಮಟ್ಟಿಗೆ ಗಡಸಾಗಿರುವುದಕ್ಕೆ ಅದರ ಕೋಶಭಿತ್ತಿಗಳಲ್ಲಿ ತುಂಬಿಕೊಂಡ ಲಿಗ್ನಿನ್ ಕಾರಣ. ಒಂದು ಕೂದಲೆಳೆಯ ಅಂತರದಲ್ಲಿರುವ ಬೀಜದಲ್ಲಿ ಹೇರಳವಾಗಿರುವುದು ಇನ್ನೊಂದು ಪದಾರ್ಥ, ಕ್ಲೋರೋಜೆನಿಕ್ ಆಮ್ಲ. ಹಸಿ ಕಾಫಿ ಬೀಜದ ಒಣತೂಕದಲ್ಲಿ ಶೇಕಡಾ 5ರಿಂದ 10ರ ಆಸುಪಾಸು ಈ ಗುಂಪಿನ ಆಮ್ಲಗಳೇ ಇರುತ್ತವೆ. ಅರೇಬಿಕಾಗಿಂತ ರೋಬಸ್ಟಾದಲ್ಲಿ ಪ್ರಮಾಣ ಹೆಚ್ಚು. ಹುರಿಯುವಾಗ ಇವು ಒಡೆದು ಲ್ಯಾಕ್ಟೋನ್‌ಗಳಾಗಿ ಕಾಫಿಯ ಕಹಿಯ ದೊಡ್ಡ ಪಾಲಿಗೆ ಕಾರಣವಾಗುತ್ತವೆ. ಕೊಡಗಿನಲ್ಲಿ ರೋಬಸ್ಟಾವನ್ನು ಬಹುಮಟ್ಟಿಗೆ ಸಿಪ್ಪೆ ಸಮೇತ ಕಣದಲ್ಲಿ ಒಣಗಿಸಿ ಚೆರಿಯಾಗಿಯೇ ಮಾರುವುದರಿಂದ ಗಡಸು ಹೊದಿಕೆ ಹೊಟ್ಟಿನ ಜೊತೆ ಮಿಲ್ಲಿನಲ್ಲೇ ಉಳಿಯುತ್ತದೆ, ಬೀಜದ ಆಮ್ಲ ಲೋಟಕ್ಕೆ ಬರುತ್ತದೆ. ಹೊಟ್ಟಿಗೂ ಲೋಟಕ್ಕೂ ಹೋಗುವ ಈ ಎರಡು ಪದಾರ್ಥಗಳ ಮೂಲ ಒಂದೇ, ಫಿನೈಲ್‌ಅಲನಿನ್ ಎಂಬ ಅಮೈನೋ ಆಮ್ಲ. ಅಲ್ಲಿಂದ ಹೊರಟ ದಾರಿ ಸ್ವಲ್ಪ ದೂರ ಒಂದಾಗಿ ಸಾಗಿ ಆಮೇಲೆ ಕವಲೊಡೆಯುತ್ತದೆ.

ಲಿಗ್ನಿನ್ ಎಂದರೆ

1838ರಲ್ಲಿ ಫ್ರೆಂಚ್ ರಸಾಯನಶಾಸ್ತ್ರಜ್ಞ ಆನ್ಸೆಲ್ಮ್ ಪಾಯೆನ್ ಮರವನ್ನು ನೈಟ್ರಿಕ್ ಆಮ್ಲ ಮತ್ತು ಕ್ಷಾರದಿಂದ ತೊಳೆದು ಸೆಲ್ಯುಲೋಸನ್ನು ಬೇರ್ಪಡಿಸಿದ. ಕರಗಿಹೋದ ಉಳಿದ ಭಾಗ ಸೆಲ್ಯುಲೋಸಿನ ಮೇಲೆ ಮೆತ್ತಿಕೊಂಡಿದ್ದ ಪದಾರ್ಥವೆಂದು ಬಣ್ಣಿಸಿದ. ಮರದ ಒಣತೂಕದಲ್ಲಿ ಶೇಕಡಾ 20ರಿಂದ 30ರಷ್ಟಿರುವ ಆ ಪದಾರ್ಥವೇ ಲಿಗ್ನಿನ್. ಬೇರಿನಿಂದ ನೀರೆತ್ತುವ ಕ್ಸೈಲಮ್ ನಾಳಗಳು ಎಳೆತಕ್ಕೆ ಸಿಕ್ಕಿ ಕುಸಿಯದಂತೆ ಹಿಡಿದಿಡುವುದು, ನಾಳದ ಗೋಡೆಯಿಂದ ನೀರು ಸೋರದಂತೆ ತಡೆಯುವುದು, ಶಿಲೀಂಧ್ರಗಳಿಗೆ ಅಡ್ಡಿಯಾಗುವುದು ಇವು ಲಿಗ್ನಿನ್ ಮಾಡುವ ಕೆಲಸ.

ಲಿಗ್ನಿನ್ ಕಟ್ಟಿರುವುದು ಮುಖ್ಯವಾಗಿ ಮೂರು ಆಲ್ಕೊಹಾಲ್‌ಗಳಿಂದ: ಕೌಮರಿಲ್, ಕೋನಿಫೆರಿಲ್, ಸಿನಪಿಲ್. ಮೂರರ ಚೌಕಟ್ಟೂ ಒಂದೇ. ಉಂಗುರದ ಮೇಲಿರುವ ಮೆಥಾಕ್ಸಿ ಗುಂಪುಗಳ ಸಂಖ್ಯೆ ಮಾತ್ರ ಕ್ರಮವಾಗಿ ಸೊನ್ನೆ, ಒಂದು, ಎರಡು. ದೇವದಾರು, ಪೈನ್‌ನಂಥ ಸೂಚಿಪರ್ಣಿ ಮರಗಳಲ್ಲಿ ಹೆಚ್ಚುಕಡಿಮೆ ಕೋನಿಫೆರಿಲ್ ಒಂದೇ. ತೇಗ, ಬೀಟೆ, ಹಲಸಿನಂಥ ಹೂಬಿಡುವ ಮರಗಳಲ್ಲಿ ಅದರ ಜೊತೆ ಸಿನಪಿಲ್ ಸೇರಿಕೊಳ್ಳುತ್ತದೆ. ಬಿದಿರು, ಭತ್ತ, ಜೋಳ ಸೇರಿದ ಹುಲ್ಲಿನ ಕುಲದಲ್ಲಿ ಮೂರೂ ಇದ್ದು, ಮೇಲಿಂದ ಫೆರುಲಿಕ್ ಮತ್ತು ಕೌಮರಿಕ್ ಆಮ್ಲಗಳೂ ಅಂಟಿಕೊಂಡಿರುತ್ತವೆ. ಒಂದು ಮೆಥಾಕ್ಸಿ ಗುಂಪಿನ ವ್ಯತ್ಯಾಸ ಕೇಳಲು ಚಿಕ್ಕದು. ಆದರೆ ಮರ ಎಷ್ಟು ಸುಲಭವಾಗಿ ಪಲ್ಪ್ ಆಗುತ್ತದೆ, ಮೇವು ಎಷ್ಟು ಜೀರ್ಣವಾಗುತ್ತದೆ ಎಂಬುದು ಅದನ್ನೇ ಅವಲಂಬಿಸಿದೆ. ಆ ಗುಂಪು ಇದೆಯೋ ಇಲ್ಲವೋ ಎಂಬುದನ್ನು ಕಿಣ್ವಗಳ ಗೂಡಿನ, ಅಂದರೆ ಸಕ್ರಿಯ ತಾಣದ, ಅಳತೆ ತೀರ್ಮಾನಿಸುತ್ತದೆ.

ಪಠ್ಯಪುಸ್ತಕ ತಿದ್ದಿದ ಕಿಣ್ವ

2001ರವರೆಗೂ ಪಠ್ಯಪುಸ್ತಕಗಳು ಹೇಳುತ್ತಿದ್ದ ದಾರಿ ನೇರವಾಗಿತ್ತು. ಕೌಮರಿಕ್ ಆಮ್ಲದ ಉಂಗುರಕ್ಕೆ ಇನ್ನೊಂದು ಹೈಡ್ರಾಕ್ಸಿಲ್ ಸೇರಿ ಕೆಫೆಯಿಕ್ ಆಮ್ಲ, ಅದಕ್ಕೆ ಮೀಥೈಲ್ ಸೇರಿ ಫೆರುಲಿಕ್ ಆಮ್ಲ, ಹೀಗೆ ಮುಂದಕ್ಕೆ. ಆ ವರ್ಷ ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನ ತಂಡವೊಂದು ಹೈಡ್ರಾಕ್ಸಿಲ್ ಸೇರಿಸುವ ಪಿ450 ಕಿಣ್ವವನ್ನು ಪರೀಕ್ಷಿಸಿದಾಗ ಅದು ಬಿಡಿ ಕೌಮರಿಕ್ ಆಮ್ಲವನ್ನು ಮುಟ್ಟಲೇ ಇಲ್ಲ. ಶಿಕಿಮಿಕ್ ಆಮ್ಲಕ್ಕೋ ಕ್ವಿನಿಕ್ ಆಮ್ಲಕ್ಕೋ ಜೋಡಿಸಿ ಕೊಟ್ಟ ಕೌಮರಿಕ್ ಆಮ್ಲವನ್ನಾದರೆ ಸಲೀಸಾಗಿ ತೆಗೆದುಕೊಂಡಿತು. ಹಾಗಾದರೆ ಈ ಜೋಡಣೆ ಮಾಡುವ ಇನ್ನೊಂದು ಕಿಣ್ವ ಇರಲೇಬೇಕು. 2003ರಲ್ಲಿ ತಂಬಾಕಿನ ಗಿಡದಲ್ಲಿ ಅದು ಸಿಕ್ಕಿತು. ಹೈಡ್ರಾಕ್ಸಿಸಿನಮಾಯ್ಲ್ ಟ್ರಾನ್ಸ್‌ಫರೇಸ್ ಎಂಬ ಉದ್ದ ಹೆಸರಿನ ಆ ಕಿಣ್ವವೇ ಎಚ್‌ಸಿಟಿ.

ಅದರ ಕೆಲಸ ಹೀಗೆ: ಕೋಎನ್‌ಜೈಮ್ ಎ ಹೊತ್ತುತಂದ ಕೌಮರಾಯ್ಲ್ ಗುಂಪನ್ನು ಶಿಕಿಮಿಕ್ ಆಮ್ಲದ ಮೇಲೆ ಇಳಿಸುವುದು. ಪಿ450 ಕಿಣ್ವ ಅದಕ್ಕೆ ಹೈಡ್ರಾಕ್ಸಿಲ್ ಸೇರಿಸಿ ಕೆಫಿಯಾಯ್ಲ್ ಶಿಕಿಮೇಟ್ ಮಾಡಿದ ಮೇಲೆ ಅದೇ ಎಚ್‌ಸಿಟಿ ಹಿಮ್ಮುಖವಾಗಿ ಕೆಲಸ ಮಾಡಿ ಕೆಫಿಯಾಯ್ಲ್ ಗುಂಪನ್ನು ಮತ್ತೆ ಕೋಎನ್‌ಜೈಮ್ ಎಗೆ ಒಪ್ಪಿಸಬಲ್ಲದು. 2013ರಲ್ಲಿ ಕೆಫಿಯಾಯ್ಲ್ ಶಿಕಿಮೇಟನ್ನು ನೇರವಾಗಿ ಸೀಳುವ ಬೇರೊಂದು ಕಿಣ್ವ ಪತ್ತೆಯಾಗಿ ದಾರಿ ಇನ್ನಷ್ಟು ಕವಲಾಯಿತು. ಅದೇನೇ ಇದ್ದರೂ ಶಿಕಿಮಿಕ್ ಆಮ್ಲಕ್ಕೆ ಜೋಡಿಸಿದರೆ ದಾರಿ ಲಿಗ್ನಿನ್ ಕಡೆಗೆ, ಕ್ವಿನಿಕ್ ಆಮ್ಲಕ್ಕೆ ಜೋಡಿಸಿದರೆ ಕ್ಲೋರೋಜೆನಿಕ್ ಆಮ್ಲದ ಕಡೆಗೆ. ಈ ಎರಡು ಆಮ್ಲಗಳ ನಡುವಿನ ಅಂತರ ಒಂದು ನೀರಿನ ಅಣುವಿನಷ್ಟು. ಶಿಕಿಮಿಕ್ ಆಮ್ಲದ ಉಂಗುರದಲ್ಲಿ ಒಂದು ಜೋಡಿಬಂಧ ಇರುವುದರಿಂದ ಅದು ಆ ಭಾಗದಲ್ಲಿ ಚಪ್ಪಟೆ. ಕ್ವಿನಿಕ್ ಆಮ್ಲದಲ್ಲಿ ಜೋಡಿಬಂಧದ ಬದಲು ಒಂದು ಹೈಡ್ರಾಕ್ಸಿಲ್ ಹೆಚ್ಚಿದ್ದು, ಉಂಗುರ ಕುರ್ಚಿಯಾಕಾರಕ್ಕೆ ಬಾಗಿಕೊಂಡಿದೆ. ಇಷ್ಟು ಸಣ್ಣ ಭೇದವನ್ನು ಕಿಣ್ವ ಹೇಗೆ ಕಾಣುತ್ತದೆ ಎಂಬ ಪ್ರಶ್ನೆಗೆ ಉತ್ತರ ಹುಡುಕಿದವರು ಕಾಫಿಗೆ ಬಂದದ್ದು ಸಹಜವೇ. ಎರಡೂ ದಾರಿಗಳು ಭರ್ಜರಿಯಾಗಿ ನಡೆಯುವ ಗಿಡ ಅದು.

ರೋಬಸ್ಟಾ ಎಚ್‌ಸಿಟಿಯ ರಚನೆ

2012ರಲ್ಲಿ ಪ್ಲಾಂಟ್ ಫಿಸಿಯಾಲಜಿ ಪತ್ರಿಕೆಯಲ್ಲಿ ಲಾರಾ ಲಾಲೆಮಾಂಡ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನ ಕಾಫಿಯ ಎರಡು ಕಿಣ್ವಗಳನ್ನು ಕೈಗೆತ್ತಿಕೊಂಡಿತು: ಎಚ್‌ಸಿಟಿ, ಮತ್ತು ಅದರ ಹತ್ತಿರದ ನಂಟ ಎಚ್‌ಕ್ಯೂಟಿ. ಮೊದಲನೆಯದರ ಒಲವು ಶಿಕಿಮಿಕ್ ಆಮ್ಲದ ಕಡೆಗೆ, ಎರಡನೆಯದರದು ಕ್ವಿನಿಕ್ ಆಮ್ಲದ ಕಡೆಗೆ. ಎಚ್‌ಸಿಟಿಯನ್ನು ಹರಳುಗಟ್ಟಿಸಿ ಎಕ್ಸ್-ಕಿರಣ ಹಾಯಿಸಿ ಅದರ ಪರಮಾಣುಗಳ ಜಾಗ ಗುರುತಿಸಲಾಯಿತು. ಪ್ರೋಟೀನ್ ತಾನಾಗಿ ತುಂಡಾಗುವ ತೊಂದರೆ ಇದ್ದುದರಿಂದ, ಕೆಲವು ಲೈಸೀನ್‌ಗಳನ್ನು ಬದಲಿಸಿ ಗಟ್ಟಿಮಾಡಿದ ಇನ್ನೊಂದು ರೂಪದ ರಚನೆಯನ್ನೂ ಬಿಡಿಸಬೇಕಾಯಿತು. ಎಚ್‌ಸಿಟಿಯ ಮೊತ್ತಮೊದಲ ರಚನಾ ಚಿತ್ರ ಇದು.

ಕಿಣ್ವ ಎರಡು ಸುಮಾರು ಸಮಗಾತ್ರದ ಭಾಗಗಳಾಗಿ ಮಡಿಚಿಕೊಂಡಿದೆ. ಎರಡೂ ಒಂದಕ್ಕೊಂದು ಆನಿಕೊಂಡ ಜಾಗದಲ್ಲಿ ಪ್ರೋಟೀನಿನ ಆಚೆಯಿಂದ ಈಚೆಗೆ ಹಾಯುವ ಒಂದು ಸುರಂಗವಿದೆ. ಮುಂಬಾಗಿಲು, ಹಿತ್ತಲ ಬಾಗಿಲು ಎರಡೂ ತೆರೆದಿಟ್ಟ ಮನೆಯಂತೆ ಒಂದು ಕಡೆಯಿಂದ ಕೋಎನ್‌ಜೈಮ್ ಎ ತನ್ನ ಉದ್ದನೆಯ ಬಾಲದೊಂದಿಗೆ ಬಂದು ಕೌಮರಾಯ್ಲ್ ಗುಂಪನ್ನು ಒಳಕ್ಕೆ ಚಾಚುತ್ತದೆ, ಎದುರು ಕಡೆಯಿಂದ ಶಿಕಿಮಿಕ್ ಆಮ್ಲ ಬರುತ್ತದೆ. ಎರಡೂ ಸೇರುವ ನಟ್ಟನಡುವೆ ನಿಂತಿರುವುದು 153ನೆಯ ಸ್ಥಾನದ ಹಿಸ್ಟಿಡಿನ್. ಅದು ಶಿಕಿಮಿಕ್ ಆಮ್ಲದ ಒಂದು ಹೈಡ್ರಾಕ್ಸಿಲ್‌ನಿಂದ ಪ್ರೋಟಾನನ್ನು ಕಸಿದುಕೊಳ್ಳುತ್ತದೆ. ಹಾಗೆ ಚುರುಕಾದ ಆಕ್ಸಿಜನ್ ಕೌಮರಾಯ್ಲ್ ಗುಂಪಿನ ಕಾರ್ಬನ್ನಿನ ಮೇಲೆರಗಿ ಅದನ್ನು ಕೋಎನ್‌ಜೈಮಿನಿಂದ ಬಿಡಿಸಿಕೊಳ್ಳುತ್ತದೆ. ಆ ಹಿಸ್ಟಿಡಿನ್ನನ್ನು ಬೇರೆ ಅಮೈನೋ ಆಮ್ಲದಿಂದ ಬದಲಿಸಿದರೆ ಕಿಣ್ವದ ಕೆಲಸ ಕೆಡುತ್ತದೆ. 31ನೆಯ ವ್ಯಾಲೀನ್‌ನಿಂದ 37ನೆಯ ಪ್ರೋಲೀನ್‌ವರೆಗಿನ ಒಂದು ಸಡಿಲ ಕುಣಿಕೆಗೂ ಈ ಕ್ರಿಯೆಯಲ್ಲಿ ಪಾಲಿದೆ ಎಂದು ಅದೇ ಅಧ್ಯಯನ ತೋರಿಸಿತು.

ಕ್ರಿಯೆ ನಡೆಸುವ ಜಾಗ ಒಂದು, ಆಯ್ಕೆ ಮಾಡುವ ಜಾಗ ಇನ್ನೊಂದು. ಕ್ರಿಯಾಧಾರದ ಆಯ್ಕೆಯಲ್ಲಿ 400ನೆಯ ಲ್ಯೂಸಿನ್ ಮತ್ತು 402ನೆಯ ಫಿನೈಲ್‌ಅಲನಿನ್ ಮುಖ್ಯವೆಂದು ಅವುಗಳನ್ನು ಒಂದೊಂದಾಗಿ ಬದಲಿಸಿ ನೋಡಿದಾಗ ಖಚಿತವಾಯಿತು. ನೀರಿನ ಜೊತೆ ಬೆರೆಯಲು ಒಪ್ಪದ ಈ ಎರಡು ಪಾರ್ಶ್ವಸರಪಳಿಗಳು ಸುರಂಗದೊಳಗೆ ಎಷ್ಟು ಜಾಗ ತಿನ್ನುತ್ತವೆ, ಪಕ್ಕದಲ್ಲಿ ಒಂದು ಹೆಚ್ಚಿನ ಹೈಡ್ರಾಕ್ಸಿಲ್‌ಗೆ ಎಡೆ ಬಿಡುತ್ತವೆಯೇ ಎಂಬುದರಿಂದ ಶಿಕಿಮಿಕ್ ಮತ್ತು ಕ್ವಿನಿಕ್ ಆಮ್ಲಗಳ ನಡುವಿನ ಒಲವು ಏರುಪೇರಾಗುತ್ತದೆ. ನಾನೂರ ಮೂವತ್ತರಷ್ಟು ಅಮೈನೋ ಆಮ್ಲಗಳ ಸರಪಳಿಯಲ್ಲಿ ಒಂದೆರಡು ಕೊಂಡಿ, ಅಷ್ಟೇ.

ಈ ಅಧ್ಯಯನದ ಅತಿ ಕುತೂಹಲದ ಭಾಗ 154ನೆಯ ಹಿಸ್ಟಿಡಿನ್‌ನದು. ಎಳೆಯ ಕಾಫಿ ಬೀಜದಲ್ಲಿ ಒಂದರ ಬದಲು ಎರಡು ಕೆಫೆಯಿಕ್ ಆಮ್ಲಗಳನ್ನು ಹೊತ್ತ ಡೈಕೆಫಿಯಾಯ್ಲ್ ಕ್ವಿನಿಕ್ ಆಮ್ಲ ಬಹಳ ಇರುತ್ತದೆ. ಅದನ್ನು ಯಾವ ಕಿಣ್ವ ಮಾಡುತ್ತದೆ ಎಂಬುದು ಬಗೆಹರಿದಿರಲಿಲ್ಲ. ಎಚ್‌ಸಿಟಿಯೇ ಪ್ರನಾಳದಲ್ಲಿ ಅದನ್ನು ಮಾಡಬಲ್ಲದೆಂದು ಇಲ್ಲಿ ಮೊದಲ ಬಾರಿಗೆ ಕಂಡಿತು. ವೇಗವರ್ಧಕ ಹಿಸ್ಟಿಡಿನ್‌ನ ಮಗ್ಗುಲಲ್ಲೇ ಇರುವ 154ನೆಯದನ್ನು ಆಸ್ಪರಜಿನ್‌ಗೆ ಬದಲಿಸಿದಾಗ ಆ ಉತ್ಪನ್ನ ನಾಲ್ಕು ಪಟ್ಟು ಹೆಚ್ಚಿತು. ಆಗಲೇ ಒಂದು ಕೆಫೆಯಿಕ್ ಆಮ್ಲ ಹೊತ್ತ ದಪ್ಪ ಅಣುವೂ ಸುರಂಗದೊಳಗೆ ತೂರಿ ಸರಿಯಾದ ಭಂಗಿಯಲ್ಲಿ ಕೂರಬಹುದು ಎಂದಾಯಿತು. 2014ರಲ್ಲಿ ಟೊಮೆಟೊ ಗಿಡದ ಎಚ್‌ಕ್ಯೂಟಿ ಬಗ್ಗೆ ಇದಕ್ಕೆ ಹೋಲುವ ಸಂಗತಿ ಹೊರಬಿತ್ತು. ಕೋಶರಸಧಾನಿಯ ಹುಳಿ ವಾತಾವರಣದಲ್ಲಿ ಆ ಕಿಣ್ವ ಕೋಎನ್‌ಜೈಮ್ ಎಯ ಹಂಗಿಲ್ಲದೆ ಒಂದು ಕ್ಲೋರೋಜೆನಿಕ್ ಆಮ್ಲದಿಂದ ಇನ್ನೊಂದಕ್ಕೆ ಗುಂಪು ದಾಟಿಸುತ್ತದೆ. ಹುಳಿ ಬದಲಾದರೆ ಹಿಸ್ಟಿಡಿನ್‌ನಂಥ ಅಮೈನೋ ಆಮ್ಲಗಳ ಮೇಲಿನ ವಿದ್ಯುದಂಶ ಬದಲಾಗುತ್ತದೆ. ಪ್ರೋಟೀನ್ ಅದೇ ಆದರೂ ನಡವಳಿಕೆ ಬೇರೆ.

ದಾರಿಯ ಮುಂದಿನ ಮೆಟ್ಟಿಲಲ್ಲೂ ಕಾಫಿ ಗಿಡ ಇದೇ ಜಾಣತನ ತೋರಿಸಿದೆ. ಹೈಡ್ರಾಕ್ಸಿಲ್ ಸೇರಿಸುವ ಪಿ450 ಕಿಣ್ವದ ಎರಡು ರೂಪಗಳು ರೋಬಸ್ಟಾದಲ್ಲಿವೆ ಎಂದು 2007ರಲ್ಲಿ ಪ್ರಕಟವಾಯಿತು. ಒಂದು ರೂಪ ಶಿಕಿಮಿಕ್ ಜೋಡಣೆಯನ್ನು ಮಾತ್ರ ಒಪ್ಪುತ್ತದೆ. ಇನ್ನೊಂದು ಶಿಕಿಮಿಕ್, ಕ್ವಿನಿಕ್ ಎರಡನ್ನೂ ಸಮನಾಗಿ ತೆಗೆದುಕೊಳ್ಳುತ್ತದೆ. ಲಿಗ್ನಿನ್‌ಗೆ ಬೇಕಾದ ಕಟ್ಟುನಿಟ್ಟಿನ ನಕಲೊಂದನ್ನು ಹಾಗೇ ಉಳಿಸಿಕೊಂಡು, ಬೀಜದ ಆಮ್ಲಕ್ಕಾಗಿ ಸಡಿಲ ನಕಲೊಂದನ್ನು ಗಿಡ ಪಕ್ಕದಲ್ಲಿ ಇಟ್ಟುಕೊಂಡಂತಾಯಿತು.

ಹಿಡಿತವೆಂದರೆ ಕೇವಲ ಅಳತೆಯಲ್ಲ

ಎಮಿಲ್ ಫಿಶರ್ 1894ರಲ್ಲಿ ಕಿಣ್ವ ಮತ್ತು ಕ್ರಿಯಾಧಾರಗಳನ್ನು ಬೀಗ ಮತ್ತು ಕೀಲಿಕೈಗೆ ಹೋಲಿಸಿದ. ಡೇನಿಯಲ್ ಕೋಶ್‌ಲ್ಯಾಂಡ್ 1958ರಲ್ಲಿ ಅದನ್ನು ತಿದ್ದಿ, ಕ್ರಿಯಾಧಾರ ಬಂದಾಗ ಕಿಣ್ವವೂ ಮೈ ಹೊಂದಿಸಿಕೊಳ್ಳುತ್ತದೆ ಎಂದ. ಎಚ್‌ಸಿಟಿಯ ವಿಷಯದಲ್ಲಿ ಇವೆರಡೂ ಸಾಲವು. ಏಕೆಂದರೆ ಈ ಕಿಣ್ವ ಹರಳಿನಲ್ಲಿ ನೋಡಿದಾಗ ಶಿಸ್ತಿನದಾಗಿ ಕಂಡರೂ ಪ್ರನಾಳದಲ್ಲಿ ತೀರ ಸಡಿಲ. ಶಿಕಿಮಿಕ್ ಆಮ್ಲದ ಬದಲು ಅದಕ್ಕೆ ಅಷ್ಟೇನೂ ಹೋಲದ ಹಲವು ಅಣುಗಳನ್ನು ಕೊಟ್ಟರೂ ಅವುಗಳ ಮೇಲೆ ಕೌಮರಾಯ್ಲ್ ಗುಂಪನ್ನು ಇಳಿಸಿಬಿಡುತ್ತದೆ. ಹೀಗಿದ್ದೂ ಜೀವಂತ ಗಿಡದಲ್ಲಿ ಲಿಗ್ನಿನ್ ತಯಾರಿ ತಪ್ಪದೆ ನಡೆಯುತ್ತದೆ.

ಈ ಒಗಟಿಗೆ 2016ರಲ್ಲಿ ಅಮೆರಿಕದ ಜಿಂಗ್-ಕೆ ವೆಂಗ್ ಅವರ ಪ್ರಯೋಗಾಲಯದಿಂದ ಒಂದು ಉತ್ತರ ಬಂತು. ಸಸ್ಯ ಪ್ರಯೋಗಗಳಲ್ಲಿ ಬಳಸುವ ಅರಾಬಿಡಾಪ್ಸಿಸ್ ಎಂಬ ಗಿಡದ ಮತ್ತು ಮನೆಯಂಗಳದ ಕುಂಡಗಳಲ್ಲಿ ಬಣ್ಣಬಣ್ಣದ ಎಲೆಗಾಗಿ ಬೆಳೆಸುವ ಕೋಲಿಯಸ್‌ನ ಎಚ್‌ಸಿಟಿಗಳನ್ನು ಅವರು ಪರಿಶೀಲಿಸಿದರು. ಸುರಂಗದ ಪಕ್ಕದಲ್ಲಿ ಎಲ್ಲ ಎಚ್‌ಸಿಟಿಗಳಲ್ಲೂ ತಪ್ಪದೆ ಇರುವ ಒಂದು ಆರ್ಜಿನಿನ್ ಇದೆ. ಅರಾಬಿಡಾಪ್ಸಿಸ್‌ನಲ್ಲಿ ಅದು 356ನೆಯದು. ಅದರ ತುದಿಯಲ್ಲಿ ಧನ ವಿದ್ಯುದಂಶ. ಶಿಕಿಮಿಕ್ ಆಮ್ಲದ ಕಾರ್ಬಾಕ್ಸಿಲ್ ಗುಂಪಿನ ಋಣ ವಿದ್ಯುದಂಶವನ್ನು ಅದು ಹಿಡಿದುಕೊಂಡರೆ ಆ ಅಣುವಿನ ಹೈಡ್ರಾಕ್ಸಿಲ್ ನೇರವಾಗಿ ಹಿಸ್ಟಿಡಿನ್‌ಗೆ ಎದುರಾಗಿ ನಿಲ್ಲುತ್ತದೆ. ಕಂಪ್ಯೂಟರಿನಲ್ಲಿ ಅಣುಗಳ ಚಲನೆಯನ್ನು ಅನುಕರಿಸಿದಾಗ ತಿಳಿದದ್ದು, ಆ ಆರ್ಜಿನಿನ್ ಒಂದೇ ಕಡೆ ನಿಲ್ಲದೆ ಒಳಗೂ ಹೊರಗೂ ತೊನೆದಾಡುತ್ತದೆ ಎಂದು. ಶಿಕಿಮಿಕ್ ಆಮ್ಲ ಬಂದಾಗ ಒಳಗೆ ನಿಂತು ಅದನ್ನು ಹಿಡಿಯುತ್ತದೆ. ಹೊರಗೆ ಸರಿದಾಗ ಬೇರೆ ಅಣುಗಳಿಗೂ ಜಾಗ ಸಿಗುತ್ತದೆ, ಆದರೆ ಅವು ಸರಿಯಾದ ಭಂಗಿಯಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಅಂದರೆ ಎಚ್‌ಸಿಟಿ ಬೇಡದ್ದನ್ನು ಹೊರಗಟ್ಟುವ ಕಿಣ್ವವಲ್ಲ. ಬೇಕಾದದ್ದನ್ನು ಹೆಚ್ಚು ಹೊತ್ತು ಸರಿಯಾಗಿ ಹಿಡಿದಿಡುವ ಕಿಣ್ವ. ಲಿಗ್ನಿನ್ ಕಿಣ್ವಗಳ ಬಗ್ಗೆ ಬಂದಿರುವ ರಚನಾ ಅಧ್ಯಯನಗಳಲ್ಲಿ ಈ ಭೇದವನ್ನು ಇಷ್ಟು ಸ್ಪಷ್ಟವಾಗಿ ತೋರಿಸಿದ್ದು ಇನ್ನೊಂದಿಲ್ಲ ಎನ್ನಬಹುದು.

ಸಡಿಲತನಕ್ಕೆ ವಿಕಾಸದಲ್ಲಿ ಬೆಲೆ ಸಿಕ್ಕಿದೆ. ಕೋಲಿಯಸ್ ಮತ್ತು ಅದರ ಕುಲಬಾಂಧವರಲ್ಲಿ ಎಚ್‌ಸಿಟಿಯ ನಕಲೊಂದು ಕಾಲಾಂತರದಲ್ಲಿ ಶಿಕಿಮಿಕ್ ಆಮ್ಲವನ್ನು ಬಿಟ್ಟು ಫಿನೈಲ್ ಲ್ಯಾಕ್ಟಿಕ್ ಆಮ್ಲದ ಗುಂಪಿಗೆ ಒಗ್ಗಿಕೊಂಡು ರೋಸ್ಮರಿನಿಕ್ ಆಮ್ಲ ಮಾಡತೊಡಗಿತು. ತುಳಸಿ, ದೊಡ್ಡಪತ್ರೆಗಳ ಕುಟುಂಬದಲ್ಲಿ ಆ ಆಮ್ಲ ಧಾರಾಳವಾಗಿ ಸಿಗುತ್ತದೆ. ಎಚ್‌ಸಿಟಿ ಸೇರಿರುವ ಬಿಎಎಚ್‌ಡಿ ಎಂಬ ದೊಡ್ಡ ಕಿಣ್ವಕುಟುಂಬದಲ್ಲಿ ಮೊದಲು ರಚನೆ ಬಿಡಿಸಿಕೊಂಡದ್ದು ಲಿಗ್ನಿನ್‌ಗೆ ಸಂಬಂಧವೇ ಇಲ್ಲದ ವಿನೊರೀನ್ ಸಿಂಥೇಸ್. ಅದು 2005ರ ಮಾತು, ಗಿಡ ಪಶ್ಚಿಮ ಘಟ್ಟದಲ್ಲೂ ಬೆಳೆಯುವ ಸರ್ಪಗಂಧಿ. ಮರ ಕಟ್ಟುವ ಕಿಣ್ವ, ಕಾಫಿಯ ಕಹಿಯ ಕಿಣ್ವ, ದೊಡ್ಡಪತ್ರೆಯ ಕಿಣ್ವ, ಸರ್ಪಗಂಧಿಯ ಆಲ್ಕಲಾಯ್ಡ್ ಕಿಣ್ವ ಎಲ್ಲಕ್ಕೂ ಮಡಿಕೆ ಒಂದೇ: ಎರಡು ಭಾಗ, ನಡುವೆ ಸುರಂಗ, ಸುರಂಗದಲ್ಲಿ ಹಿಸ್ಟಿಡಿನ್.

ದಾರಿಯ ಉಳಿದ ಕಿಣ್ವಗಳು

ಮೊದಲ ಮೆಟ್ಟಿಲಲ್ಲಿ ಫಿನೈಲ್‌ಅಲನಿನ್‌ನಿಂದ ಅಮೋನಿಯ ತೆಗೆಯುವ ಪಿಎಎಲ್ ಕಿಣ್ವದ ಸಕ್ರಿಯ ತಾಣದಲ್ಲಿ ಪ್ರೋಟೀನ್ ತನ್ನದೇ ಮೂರು ಅಮೈನೋ ಆಮ್ಲಗಳನ್ನು ಸುತ್ತಿ ಮಾಡಿಕೊಂಡ ವಿಶೇಷ ಉಂಗುರವೊಂದಿದೆ. ಕ್ರಿಯಾಧಾರದ ಉಂಗುರದ ತುದಿಗೆ ಎದುರಾಗಿ ಸಾಮಾನ್ಯ ಗಿಡಗಳಲ್ಲಿ ಫಿನೈಲ್‌ಅಲನಿನ್ ಇದ್ದರೆ, ಹುಲ್ಲಿನ ಕುಲದ ಕೆಲವು ಪಿಎಎಲ್‌ಗಳಲ್ಲಿ ಆ ಜಾಗದಲ್ಲಿ ಹಿಸ್ಟಿಡಿನ್ ಇದೆ. ಟೈರೊಸಿನ್‌ನ ಹೈಡ್ರಾಕ್ಸಿಲ್ ಜೊತೆ ಹಿಸ್ಟಿಡಿನ್ ಹೈಡ್ರೋಜನ್ ಬಂಧ ಮಾಡಬಲ್ಲದಾದ್ದರಿಂದ ಜೋಳ, ಬಿದಿರುಗಳು ಟೈರೊಸಿನ್‌ನಿಂದಲೂ ದಾರಿ ಹಿಡಿದು ಒಂದು ಮೆಟ್ಟಿಲು ಉಳಿಸಿಕೊಳ್ಳುತ್ತವೆ.

ಕೌಮರಿಕ್ ಆಮ್ಲವನ್ನು ಕೋಎನ್‌ಜೈಮ್ ಎಗೆ ಜೋಡಿಸುವ 4ಸಿಎಲ್ ಕಿಣ್ವದ ಕೆಲಸ ಎರಡು ಹಂತದ್ದು. ಮೊದಲ ಹಂತ ಮುಗಿದ ಮೇಲೆ ಅದರ ಸಣ್ಣ ಭಾಗ ದೊಡ್ಡ ಭಾಗದ ಮೇಲೆ ಸುಮಾರು 80 ಡಿಗ್ರಿ ಹೊರಳಿಕೊಂಡು ಎರಡನೆಯ ಹಂತಕ್ಕೆ ಅಣಿಯಾಗುತ್ತದೆ ಎಂಬುದು 2010ರಲ್ಲಿ ಪಾಪ್ಲರ್ ಮರದ ಕಿಣ್ವದಿಂದ ತಿಳಿದುಬಂತು. ಎರಡು ಮೆಥಾಕ್ಸಿ ಹೊತ್ತ ಸಿನಪಿಕ್ ಆಮ್ಲವನ್ನು ಬಹುತೇಕ 4ಸಿಎಲ್‌ಗಳು ಒಳಕ್ಕೆ ಬಿಡುವುದಿಲ್ಲ, ಗೂಡು ಚಿಕ್ಕದು. ಸೋಯಾಬೀನಿನ ಒಂದು ರೂಪ ಬಿಡುತ್ತದೆ, ಏಕೆಂದರೆ ಗೂಡಿನ ಅಂಚಿನಲ್ಲಿ ಇರಬೇಕಾದ ಒಂದು ಅಮೈನೋ ಆಮ್ಲ ಅದರಲ್ಲಿ ಇಲ್ಲ. 2003ರಲ್ಲಿ ಬೇರೆ ರೂಪಗಳಿಂದಲೂ ಅದೊಂದನ್ನು ತೆಗೆದು ನೋಡಿದಾಗ ಅವೂ ಸಿನಪಿಕ್ ಆಮ್ಲವನ್ನು ಒಪ್ಪಿಕೊಂಡವು.

ಮೀಥೈಲ್ ಸೇರಿಸುವ ಸಿಓಎಂಟಿ ಕಿಣ್ವದ ಕಥೆಯಲ್ಲಿ ಜೋಳ ಬರುತ್ತದೆ. ಅದರ ರಚನೆಯನ್ನು 2002ರಲ್ಲಿ ಆಲ್ಫಾಲ್ಫಾ ಮೇವಿನ ಗಿಡದಿಂದ ಕ್ಲೋಯಿ ಜುಬಿಯೆಟಾ ಮತ್ತು ಜೋಸೆಫ್ ನೋಯೆಲ್ ಅವರ ತಂಡ ಬಿಡಿಸಿತು. ಹತ್ತು ವರ್ಷದ ಬಳಿಕ ಕಾಫಿಯ ಎಚ್‌ಸಿಟಿ ಅಧ್ಯಯನದಲ್ಲೂ ಜುಬಿಯೆಟಾ ಇದ್ದರು. ಕೆಫೆಯಿಕ್ ಆಮ್ಲದ ಹೆಸರಿನಲ್ಲೇ ಈ ಕಿಣ್ವವನ್ನು ಕರೆಯುತ್ತ ಬಂದಿದ್ದರೂ ಅದು ಮೆಚ್ಚುವುದು ಆಮ್ಲಕ್ಕಿಂತ ಆಲ್ಡಿಹೈಡ್ ರೂಪವನ್ನು, ಅದರಲ್ಲೂ ಒಂದು ಮೆಥಾಕ್ಸಿ ಆಗಲೇ ಇರುವುದನ್ನು. ಆದ್ದರಿಂದ ಅದು ಕೆಟ್ಟರೆ ಸಿನಪಿಲ್ ಭಾಗಕ್ಕೆ ಪೆಟ್ಟು. ಎಲೆಯ ನಡುನರ ಕಂದಾಗುವ ಜೋಳದ ತಳಿಗಳು 1970ರ ದಶಕದಲ್ಲಿ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ರಾಸಾಯನಿಕ ಉಪಚಾರದಿಂದ ಹುಟ್ಟಿದವು; ಲಿಗ್ನಿನ್ ಕಡಿಮೆ ಇರುವುದರಿಂದ ದನಗಳಿಗೆ ಅವುಗಳ ಮೇವು ಹೆಚ್ಚು ಜೀರ್ಣವಾಗುತ್ತದೆ. ಅವುಗಳಲ್ಲಿ ಬಿಎಂಆರ್-12 ಎಂಬ ಗುಂಪಿನಲ್ಲಿ ಕೆಟ್ಟಿರುವುದು ಇದೇ ಸಿಓಎಂಟಿ. ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದ ಚುಲ್‌ಹೀ ಕಾಂಗ್ ಅವರ ತಂಡ 2013ರಲ್ಲಿ ಜೋಳದ ಎಚ್‌ಸಿಟಿಯ, 2014ರಲ್ಲಿ ಜೋಳದ ಸಿಓಎಂಟಿಯ ರಚನೆ ಪ್ರಕಟಿಸಿ, ಬಿಎಂಆರ್-12ರ ಮೂರು ತಳಿಗಳಲ್ಲಿ ಒಂದೊಂದು ಅಮೈನೋ ಆಮ್ಲ ಬದಲಾದದ್ದು ಇಡೀ ಕಿಣ್ವವನ್ನು ಹೇಗೆ ಹಾಳುಮಾಡಿತೆಂದು ತೋರಿಸಿತು. ಹೊಲದ ಬದುವಿನಲ್ಲಿ ನಿಂತು ಕಣ್ಣಲ್ಲಿ ನೋಡಬಹುದಾದ ಕಂದು ಗೆರೆಗೆ ಪರಮಾಣು ಮಟ್ಟದ ಕಾರಣ ಸಿಕ್ಕ ಅಪರೂಪದ ಸಂದರ್ಭವಿದು.

ಕೊನೆಯಲ್ಲಿ ಆಲ್ಡಿಹೈಡನ್ನು ಆಲ್ಕೊಹಾಲ್ ಮಾಡುವ ಸಿಎಡಿ ಕಿಣ್ವ ಸತುವನ್ನು ಇಟ್ಟುಕೊಂಡಿದೆ. ಮೂರೂ ಆಲ್ಡಿಹೈಡ್‌ಗಳನ್ನು ಅದು ಹೆಚ್ಚು ತಾರತಮ್ಯವಿಲ್ಲದೆ ತೆಗೆದುಕೊಳ್ಳುವುದರಿಂದ ಇಲ್ಲಿ ಹೇಳುವುದು ಹೆಚ್ಚೇನಿಲ್ಲ.

ಕೋಶಭಿತ್ತಿಯಲ್ಲಿ

ಆಲ್ಕೊಹಾಲ್‌ಗಳು ಜೀವಕೋಶದಿಂದ ಹೊರಬಿದ್ದು ಭಿತ್ತಿಗೆ ಸೇರಿದ ಮೇಲೆ ನಿಯಮವೇ ಬೇರೆ. ಅಲ್ಲಿ ಪೆರಾಕ್ಸಿಡೇಸ್ ಮತ್ತು ಲ್ಯಾಕೇಸ್ ಎಂಬ ಎರಡು ಬಗೆಯ ಕಿಣ್ವಗಳು ಅವುಗಳಿಂದ ಒಂದೊಂದು ಎಲೆಕ್ಟ್ರಾನ್ ಕಿತ್ತು ರ‍್ಯಾಡಿಕಲ್ ಮಾಡುತ್ತವೆ. ಆಮೇಲೆ ಅವು ತಾವೇ ತಾವಾಗಿ ಬೆಳೆಯುತ್ತಿರುವ ಸರಪಳಿಗೆ ಕೂಡಿಕೊಳ್ಳುತ್ತವೆ, ಯಾವುದು ಯಾವುದರ ಪಕ್ಕ ಎಂದು ಕೂರಿಸುವ ಕಿಣ್ವ ಬೇಕಿಲ್ಲ ಎಂಬುದು ಇಂದು ಹೆಚ್ಚಿನವರು ಒಪ್ಪುವ ವಿವರಣೆ. 2000ದಲ್ಲಿ ಅರಾಬಿಡಾಪ್ಸಿಸ್‌ನ ಒಂದು ಪೆರಾಕ್ಸಿಡೇಸ್‌ನ ರಚನೆ ಬಿಡಿಸಿದವರಿಗೆ ವಿಚಿತ್ರವೊಂದು ಕಂಡಿತು: ಕೌಮರಿಲ್, ಕೋನಿಫೆರಿಲ್ ಆಲ್ಕೊಹಾಲ್‌ಗಳಿಗೆ ಗೂಡಿನಲ್ಲಿ ಜಾಗವಿದೆ, ಸಿನಪಿಲ್‌ನ ಎರಡನೆಯ ಮೆಥಾಕ್ಸಿಗೆ ಮಾತ್ರ 139ನೆಯ ಪ್ರೋಲೀನ್ ಅಡ್ಡ ಬರುತ್ತದೆ. ಹಾಗಿದ್ದರೆ ತೇಗ, ಬೀಟೆಗಳಲ್ಲಿ ಅಷ್ಟೊಂದು ಸಿನಪಿಲ್ ಭಾಗ ಬಂದದ್ದು ಹೇಗೆ? ಪಾಪ್ಲರ್ ಮರದ ಒಂದು ಪೆರಾಕ್ಸಿಡೇಸ್ ಇದಕ್ಕೆ ಸುತ್ತುದಾರಿ ತೋರಿಸಿತು. ಅದರ ಹೊರಮೈಯಲ್ಲಿರುವ ಟೈರೊಸಿನ್‌ಗಳ ಮೂಲಕವೇ ಎಲೆಕ್ಟ್ರಾನ್ ಹಾಯುವುದರಿಂದ ಗೂಡಿನೊಳಗೆ ಹೋಗಬೇಕಾದ ಪ್ರಮೇಯವಿಲ್ಲ. ದೊಡ್ಡ ಲಿಗ್ನಿನ್ ಸರಪಳಿಯೂ ಹೊರಗಿನಿಂದ ತಾಕಿ ಎಲೆಕ್ಟ್ರಾನ್ ಬಿಟ್ಟುಕೊಡಬಲ್ಲದು. ಲ್ಯಾಕೇಸ್‌ನ ಗೂಡು ಆಳವಿಲ್ಲದ, ತೆರೆದ ತಗ್ಗು; ಮುಸುಕಿನ ಜೋಳದ ಲ್ಯಾಕೇಸ್ ರಚನೆ 2020ರಲ್ಲಿ ಬಂದಾಗ ಆಲ್ಕೊಹಾಲ್‌ಗಳು ಅದರಲ್ಲಿ ಕೂತಿರುವುದನ್ನು ನೇರವಾಗಿ ಕಾಣಲಾಯಿತು.

ಉಪಯೋಗ

ದಾಂಡೇಲಿಯ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್‌ನಂಥ ಕಾರ್ಖಾನೆಗಳಲ್ಲಿ ಮರದ ಚಕ್ಕೆಯನ್ನು ಕ್ಷಾರದಲ್ಲಿ ಬೇಯಿಸುವುದು ಲಿಗ್ನಿನ್ ಕಳೆಯುವುದಕ್ಕೇ. ಸಿನಪಿಲ್ ಹೆಚ್ಚಿದ್ದರೆ ಸರಪಳಿಯ ಕೊಂಡಿಗಳ ನಡುವಿನ ಬಂಧಗಳು ಸುಲಭವಾಗಿ ಮುರಿಯುತ್ತವೆ, ಖರ್ಚು ಇಳಿಯುತ್ತದೆ. ಮರದ ಗುಣಲಕ್ಷಣಗಳ ಅಧ್ಯಯನಕ್ಕೆ ಬೆಂಗಳೂರಿನ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ, ಬಿಟ್ಟಂಗಾಲಕ್ಕೆ ಹತ್ತಿರದ ಪೊನ್ನಂಪೇಟೆಯ ಅರಣ್ಯ ಮಹಾವಿದ್ಯಾಲಯ ನಮ್ಮಲ್ಲಿವೆ. ಕಾಫಿ ತಳಿಗಳ ಕೆಲಸ ಬಾಳೆಹೊನ್ನೂರಿನ ಕೇಂದ್ರ ಕಾಫಿ ಸಂಶೋಧನಾ ಸಂಸ್ಥೆ ಮತ್ತು ಅದರ ಚೆಟ್ಟಳ್ಳಿ ಉಪಕೇಂದ್ರದ್ದು.

ಎಚ್‌ಸಿಟಿಯನ್ನು ಗಿಡದಲ್ಲಿ ಅಡಗಿಸಿಬಿಟ್ಟರೆ ಲಿಗ್ನಿನ್ ಇಳಿಯುತ್ತದೆ ನಿಜ, ಗಿಡವೂ ಕುಳ್ಳಾಗುತ್ತದೆ. ಆಲ್ಫಾಲ್ಫಾ, ಅರಾಬಿಡಾಪ್ಸಿಸ್ ಎರಡರಲ್ಲೂ ಇದು ಕಂಡುಬಂದಿದೆ. ಅದಕ್ಕಾಗಿ ಕಿಣ್ವವನ್ನು ಮುಟ್ಟದೆ ಅದರ ಸಡಿಲತನವನ್ನೇ ಬಳಸಿಕೊಳ್ಳುವ ಉಪಾಯವನ್ನು ಕ್ಯಾಲಿಫೋರ್ನಿಯದ ಸಂಶೋಧಕರು 2016ರಲ್ಲಿ ಮುಂದಿಟ್ಟರು. ಕೊರಿನೆಬ್ಯಾಕ್ಟೀರಿಯಂನ ಒಂದು ಜೀನನ್ನು ಗಿಡಕ್ಕೆ ಸೇರಿಸಿದರೆ ಶಿಕಿಮಿಕ್ ಆಮ್ಲ ತಯಾರಾಗುವ ದಾರಿಯಲ್ಲಿ ಪ್ರೋಟೊಕ್ಯಾಟೆಕುಯಿಕ್ ಆಮ್ಲ ಹುಟ್ಟುತ್ತದೆ. ಆರ್ಜಿನಿನ್ ಅದರ ಕಾರ್ಬಾಕ್ಸಿಲ್ ಗುಂಪನ್ನೂ ಹಿಡಿಯಬಲ್ಲದು. ಶಿಕಿಮಿಕ್ ಆಮ್ಲದ ಜಾಗದಲ್ಲಿ ಈ ಅಣು ಕೂತಷ್ಟು ಹೊತ್ತು ಲಿಗ್ನಿನ್ ಕೆಲಸ ನಿಧಾನ. ಕಾಂಡದ ಬಲಿಯುವ ಅಂಗಾಂಶಗಳಲ್ಲಿ ಮಾತ್ರ ಆ ಜೀನ್ ಎಚ್ಚರಗೊಳ್ಳುವಂತೆ ಮಾಡಿದರೆ ಉಳಿದ ಭಾಗಗಳ ಬೆಳವಣಿಗೆಗೆ ಧಕ್ಕೆಯಾಗುವುದಿಲ್ಲ. ಕ್ವಿನಿಕ್ ಆಮ್ಲದ ರೂಪದಲ್ಲಿ ರೋಬಸ್ಟಾ ಗಿಡದ ಎಚ್‌ಸಿಟಿಯ ಮುಂದೆ ಇಂಥ ಎರಡನೆಯ ಅಣು ಮೊದಲಿನಿಂದಲೂ ಇದೆ. ಅದನ್ನು ಬೇರೆಯಾಗಿ ನಿಭಾಯಿಸಲು ಗಿಡ ಎಚ್‌ಕ್ಯೂಟಿಯನ್ನೂ ಸಡಿಲ ಪಿ450 ನಕಲನ್ನೂ ಇಟ್ಟುಕೊಂಡಿದೆ.